ಹನ್ನೊಂದು ದಿನ ಅಂಚೆಗೆ ಬೀಳದ ಲಕೋಟೆ

ಭೂವಿಜ್ಞಾನದಲ್ಲಿ ಕಲ್ಲನ್ನು ಹುಡುಕಿ ತಂದವರಿಗೆ ಕೀರ್ತಿ ಬರುತ್ತದೆ, ಅದರ ಮೇಲೆ ಪ್ರಬಂಧ ಬರೆದವರಿಗೆ ಬಡ್ತಿ ಬರುತ್ತದೆ. ಆ ಕಲ್ಲನ್ನು ಸೀಳಿ, ಗಾಜಿನ ಪಟ್ಟಿಗೆ ಅಂಟಿಸಿ, ಕೆಳಗಿಟ್ಟ ಅಚ್ಚಿನ ಅಕ್ಷರ ಓದುವಷ್ಟು ತೆಳ್ಳಗೆ ತೇಯುವವರಿಗೆ ಬರುವುದು ಬೆರಳ ತುದಿಯ ಜಡ್ಡು ಮಾತ್ರ. ಹದಿನೆಂಟು ವರ್ಷ ಹಾಗೆ ಜಡ್ಡು ಸಂಪಾದಿಸಿ, ಚಿಕ್ಕಬಳ್ಳಾಪುರದ ನಮ್ಮ ಕಾಲೇಜಿನ ಪ್ರಯೋಗಾಲಯದಿಂದ ಈಗ ನಿವೃತ್ತರಾಗುತ್ತಿರುವ ಶ್ರೀ ಗಂಗುಲಪ್ಪನವರು ಆ ಕೊನೆಯ ವರ್ಗದ ಅಗ್ರಗಣ್ಯರು. ಸ್ಕಂದಗಿರಿಯಿಂದ ಅಂಬಾಜಿದುರ್ಗದವರೆಗೆ ಅವರ ಕೈಗೆ ಸಿಕ್ಕದೆ ಉಳಿದ ಕಲ್ಲುಗಳೆಂದರೆ ಎತ್ತಲಾಗದಷ್ಟು ದೊಡ್ಡವು.

ಶಿಡ್ಲಘಟ್ಟದ ಕಡೆಯ ರೇಷ್ಮೆ ಸಾಕುವ ಮನೆತನ ಅವರದು. ೧೯೫೧ರಲ್ಲಿ ತಾತ್ಕಾಲಿಕ ಹುದ್ದೆಗೆ ಸೇರಿದರು. ಆ ತಾತ್ಕಾಲಿಕತೆ ಹನ್ನೊಂದು ವರ್ಷ ನಡೆಯಿತು. ಕೋಟಿ ವರ್ಷಗಳ ಲೆಕ್ಕ ಬಲ್ಲ ವಿಭಾಗಕ್ಕೆ ಅದೇನು ದೊಡ್ಡ ಅವಧಿಯೆಂದು ಸರ್ಕಾರ ಭಾವಿಸಿದ್ದಿರಬೇಕು. ೧೯೫೬ರ ಪ್ರಾಯೋಗಿಕ ಪರೀಕ್ಷೆಯಲ್ಲಿ, ಗೌರಿಬಿದನೂರಿನಿಂದ ಬರುತ್ತಿದ್ದ ಅನಸೂಯಮ್ಮ ಎಂಬ ವಿದ್ಯಾರ್ಥಿನಿ ತೇಯುತ್ತಿದ್ದ ಕಲ್ಲಿನ ಪದರ ಪುಡಿಪುಡಿಯಾಗಿ, ಆಕೆ ಅಳತೊಡಗಿದಾಗ ಗಂಗುಲಪ್ಪನವರು ಇನ್ನೊಂದನ್ನು ತಂದು ಮುಂದಿಟ್ಟರು. "ನಿಂದೇ ಕಣಮ್ಮ, ಬೆಂಚಿನ ಕೆಳಗ್ ಬಿದ್ದಿತ್ತು" ಎಂದರು. ಅವರ ಸೇವಾವಧಿಯಲ್ಲಿ ನನ್ನ ಅರಿವಿಗೆ ಬಂದ ಸುಳ್ಳು ಅದೊಂದೇ. ಆ ಸುಳ್ಳು ಇಂದು ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಿದೆ.

ಯಾವ ಕಲ್ಲು ಬಂದರೂ ಅವರದೊಂದು ಪ್ರಶ್ನೆಯಿತ್ತು: "ಇದು ಎಲ್ಲಿ ಕೂತಿತ್ತು?" ಎಲ್ಲಿ ಸಿಕ್ಕಿತೆಂದಲ್ಲ, ಸಿಕ್ಕ ಮೇಲೆ ಯಾರ ಮನೆಯ ಯಾವ ಮೂಲೆಯಲ್ಲಿ ಇತ್ತೆಂದು. ಹೆಣ್ಣು ನೋಡಲು ಹೋದವರು ಕೇಳುವ ಹಾಗಿದೆಯಲ್ಲ ಎಂದು ನಾವೆಲ್ಲ ನಗುತ್ತಿದ್ದೆವು.

೧೯೬೨ರಲ್ಲಿ ತಾಲ್ಲೂಕು ಕಚೇರಿಯ ಮೂಲಕ ನಮ್ಮ ವಿಭಾಗಕ್ಕೊಂದು ಕಲ್ಲು ಬಂತು. ಎಂಟು ವರ್ಷಗಳ ಹಿಂದೆ ಚಿಂತಾಮಣಿ ತಾಲ್ಲೂಕಿನ ಅಂಬಾಜಿದುರ್ಗದ ಬುಡದ ಹಳ್ಳಿಯೊಂದರಲ್ಲಿ, ಮುನಿಶಾಮಮ್ಮ ಎಂಬುವರ ಹೊಲಕ್ಕೆ ಆಕಾಶದಿಂದ ಬಿದ್ದ ಉಲ್ಕಾಶಿಲೆ. ಹೊರಗೆ ಸುಟ್ಟ ಕಪ್ಪು ಸಿಪ್ಪೆ. ಒಳಗೆ ಬೂದುಬಣ್ಣ, ರಾಗಿಕಾಳಿನಂಥ ಗುಂಡು ಕಣಗಳು. ಗಂಗುಲಪ್ಪನವರು ತೇಯ್ದ ಮೊದಲ ಪದರದ ನಡುವೆ ಕಡಲೆಯಷ್ಟು ಅಗಲದ ಕರಿಯ ತುಣುಕೊಂದು ಕಂಡಿತು. "ಸಾರ್, ಇದು ಈ ಕಲ್ಲಿನ ಜಾತಿದಲ್ಲ" ಎಂದರು. ಗಾಜಿಗೆ ಹಚ್ಚಿದ ಅಂಟು ಕರಕಲಾಗಿರಬೇಕೆಂದು, ವಿಭಾಗದ ಮುಖ್ಯಸ್ಥನಾಗಿದ್ದ ನಾನು ಬದಿಗಿಟ್ಟೆ. ಏಕೆಂದರೆ ನನ್ನ ಕಣ್ಣು ಬೇರೆಡೆ ಇತ್ತು. ಕಲ್ಲಿನ ಬಿರುಕಿನ ಬಳಿಯ ಚೂರನ್ನು ಪುಡಿಮಾಡಿ ಆಮ್ಲದಲ್ಲಿ ಕರಗಿಸಿದಾಗ, ಕರಗದೆ ಉಳಿದ ಅತಿಸೂಕ್ಷ್ಮ ಎಸಳುಗಳು ಸೂಕ್ಷ್ಮದರ್ಶಕದಲ್ಲಿ ಕಂಡಿದ್ದವು: ಒಂದೊಂದಕ್ಕೂ ತೊಟ್ಟು, ಮೈಮೇಲೆ ಬಾಚಣಿಗೆಯಿಂದ ಬಾಚಿದಂಥ ಗೆರೆ. ಉಲ್ಕೆಗಳಲ್ಲಿ ಜೀವಿಗಳ ಕುರುಹಿದೆಯೆಂದು ಹೊರದೇಶಗಳಲ್ಲಿ ಗದ್ದಲವೆದ್ದಿದ್ದ ಕಾಲವದು. ಆ ಗದ್ದಲಕ್ಕೆ ಚಿಂತಾಮಣಿ ತಾಲ್ಲೂಕಿನ ಕಾಣಿಕೆ ಸಲ್ಲಿಸುವ ಭಾಗ್ಯ ನನ್ನದೆಂದು ತಿಳಿದು, ನಾಲ್ಕೇ ದಿನದಲ್ಲಿ ಪ್ರಬಂಧ ಬರೆದು, ಲಕೋಟೆಗೆ ಹಾಕಿ, ಒಂದು ಗುರುವಾರ ಗಂಗುಲಪ್ಪನವರ ಕೈಗೆ ಕೊಟ್ಟೆ.

"ಸಾರ್, ಈ ಕಲ್ಲು ಎಲ್ಲಿ ಕೂತಿತ್ತು ಅಂತ ಒಂದ್ಸಲ..."

"ಆಕಾಶದಲ್ಲಿ ಕೂತಿತ್ರೀ! ಮೊದಲು ಪೋಸ್ಟ್ ಮಾಡಿ ಬನ್ನಿ."

ಅವರ ಕೆಲಸ ಕಾಯಂ ಮಾಡುವ ಕಡತ ಆ ತಿಂಗಳೇ ನನ್ನ ಮೇಜಿನ ಮೇಲೆ, ನನ್ನ ಷರಾ ಕಾಯುತ್ತ ಕುಳಿತಿತ್ತು. ಅದು ಅವರಿಗೂ ಗೊತ್ತಿತ್ತು.

ಹನ್ನೊಂದನೆಯ ದಿನ, ಸೋಮವಾರ ಬೆಳಿಗ್ಗೆ, "ಸಾರ್, ಒಂದ್ ನಿಮಿಷ ಬನ್ನಿ" ಎಂದು ಸೂಕ್ಷ್ಮದರ್ಶಕದ ಬಳಿಗೆ ಕರೆದರು. ನೋಡಿದೆ. ಅದೇ ಎಸಳು, ಅದೇ ತೊಟ್ಟು, ಅದೇ ಗೆರೆ.

"ನಮ್ಮ ಉಲ್ಕೇದೇ ಅಲ್ವೇನ್ರೀ?"

"ಅಲ್ಲ ಸಾರ್. ಮುನಿಶಾಮಮ್ಮನೋರ ಮನೆ ರೇಷ್ಮೆ ಚಿಟ್ಟೆ. ರೆಕ್ಕೆ ಮೇಲಿನ ಪುಡಿ." ಪಕ್ಕದಲ್ಲೊಂದು ಬೆಂಕಿಪೊಟ್ಟಣ, ಅದರೊಳಗೆ ಒಂದು ಬಿಳಿಯ ರೆಕ್ಕೆ.

ಮನೆಯಲ್ಲೇ ಚಿಟ್ಟೆ ಬಿಟ್ಟು ಮೊಟ್ಟೆ ಇಡಿಸುವ ರೂಢಿ ಕೆಲವು ಕಡೆ ಇನ್ನೂ ಉಳಿದಿತ್ತು. ಚಿಟ್ಟೆಗಳ ಮೇಲೆ ಮುಚ್ಚಿದ ಬಿದಿರ ತಟ್ಟೆಯನ್ನು ಇಲಿ ಉರುಳಿಸದಂತೆ ಆ ಮಹಾತಾಯಿ ಎಂಟು ವರ್ಷ ಅದರ ಮೇಲೆ ಹೇರಿದ್ದು ನನ್ನ ಉಲ್ಕೆಯನ್ನು. ಚಿಟ್ಟೆಗಳು ಪಟಪಟಿಸಿದಾಗಲೆಲ್ಲ ಹಾರಿದ ಪುಡಿ ಬಿರುಕಿಗಿಳಿದಿತ್ತು.

ಸೂಕ್ಷ್ಮದರ್ಶಕ ಬಿಟ್ಟು ಅವರತ್ತ ತಿರುಗಿದೆ. "ಪ್ರಬಂಧ ಹೋಗಿ ಹನ್ನೊಂದು ದಿನ ಆಯ್ತಲ್ರೀ! ಮೊದಲೇ ಹೇಳೋಕೆ ಏನಾಗಿತ್ತು?"

"ಅನುಮಾನ ಇತ್ತು ಸಾರ್. ಮನೆ ನೋಡ್ದೆ ಹೆಂಗ್ ಹೇಳ್ಲಿ? ಹೋದ್ ಭಾನುವಾರ ಹೋದ್ರೆ ಬೀಗ, ಮಗಳ ಮನೆಗ್ ಹೋಗಿದ್ರು. ನಿನ್ನೆ ಸಿಕ್ಕಿದ್ರು." ಆಮೇಲೆ ಉಜ್ಜುವ ಪುಡಿಯ ಡಬ್ಬಿಗಳ ಹಿಂದಿನಿಂದ ನನ್ನ ಲಕೋಟೆಯನ್ನು ತೆಗೆದು, ಧೂಳು ಒರೆಸಿ, ಎರಡೂ ಕೈಯಲ್ಲಿ ಮುಂದಿಟ್ಟರು. "ಮೆಮೋ ಕೊಡಿ ಸಾರ್, ತಗೋತೀನಿ. ಇದನ್ನ ಮಾತ್ರ ಪೋಸ್ಟ್ ಡಬ್ಬಕ್ಕೆ ಹಾಕೋಕೆ ಕೈ ಬರ್ಲಿಲ್ಲ."

ಈ ಸಂಗತಿಯನ್ನು ಅವರು ಇಂದಿನವರೆಗೆ ಯಾರಿಗೂ ಹೇಳಿಲ್ಲ. ಏಳು ವರ್ಷಗಳ ಮೇಲೆ ನಾನೇ ಹೇಳುತ್ತಿದ್ದೇನೆ. ಅಂದೇ ಮಧ್ಯಾಹ್ನ ಕಡತ ಬಿಚ್ಚಿದೆ. 'ಮೇಲಧಿಕಾರಿಗಳ ಆಜ್ಞೆ ಪಾಲಿಸುತ್ತಾರೆಯೇ' ಎಂಬುದರ ಎದುರು ಏನೂ ಬರೆಯಲಿಲ್ಲ. 'ನಂಬಿಕೆಗೆ ಅರ್ಹರೇ' ಎಂಬಲ್ಲಿ, ಒಂದು ಪದದ ಜಾಗದಲ್ಲಿ, ನಾಲ್ಕು ಸಾಲು ಬರೆದೆ. ಕೆಲಸ ಕಾಯಂ ಆಯಿತು.

ಆ ಬಳಿಕ ಅವರು ಬಿರುಕಿಲ್ಲದ ನಡುಭಾಗದಿಂದ ಇನ್ನೂ ಆರು ಪದರ ತೇಯ್ದರು. ಕರಿಯ ತುಣುಕು ಅಂಟಿನ ಕರಕಲಾಗಿರಲಿಲ್ಲ. ಅದಕ್ಕೆ ಹೊರಗಿನಿಂದ ದಾರಿಯೇ ಇರಲಿಲ್ಲ. ಸುತ್ತಲಿನ ಕಣಗಳು ಅದನ್ನು ಹಲ್ಲಿನಂತೆ ಕಚ್ಚಿ ಹಿಡಿದಿದ್ದವು. ಯಾವುದೋ ಕಾಲದಲ್ಲಿ, ಇನ್ನೊಂದು ಜಾತಿಯ ಉಲ್ಕೆಯ ಚೂರು ಬಂದು ಇದರೊಳಗೆ ಸೇರಿಕೊಂಡಿತ್ತು. ಮೊದಲ ದಿನ ಅವರು ಹೇಳಿದ್ದೇ ಸರಿ: ಅದು ಆ ಕಲ್ಲಿನ ಜಾತಿಯದಲ್ಲ. ೧೯೬೪ರಲ್ಲಿ ಅಚ್ಚಾದ ಪ್ರಬಂಧದ ಮೇಲೆ ಅವರ ಹೆಸರು ಮೊದಲು, ನನ್ನದು ಆಮೇಲೆ. ಅಂದಿನಿಂದ ಪದರ ಸಾಕಷ್ಟು ತೆಳುವಾಯಿತೇ ಎಂದು ನೋಡಲು ಅವರು ಕೆಳಗಿಡುವುದು ಆ ಪುಟವನ್ನೇ. ಅಕ್ಷರ ಚೊಕ್ಕವಾಗಿ ಅಚ್ಚಾಗಿದೆ ಎಂಬುದು ಅವರು ಕೊಡುವ ಕಾರಣ.

ಮುನಿಶಾಮಮ್ಮನವರ ತಟ್ಟೆ ಬರಿದಾಗಬಾರದೆಂದು, ಅಷ್ಟೇ ತೂಕದ ನಂದಿಬೆಟ್ಟದ ಕಲ್ಲೊಂದನ್ನು ಕನ್ನಡಿಯಂತೆ ನಯಮಾಡಿ ಚಿಂತಾಮಣಿ ಬಸ್ಸಿನಲ್ಲಿ ಮಡಿಲ ಮೇಲಿಟ್ಟು ಒಯ್ದರು. "ಚೆನ್ನಾಗೈತಪ್ಪ. ಆದ್ರೆ ನಿಮ್ ಕಲ್ಲಿಗೆ ಇಲಿ ಹೆದರಲ್ಲ" ಎಂದರಂತೆ ಆಕೆ. ಆ ವಿಮರ್ಶೆಯನ್ನು ಗಂಗುಲಪ್ಪನವರು ಒಪ್ಪಿಕೊಂಡಿದ್ದಾರೆ.

ಅವರಿಗೆ ನೂರು ತುಂಬಲಿ, ಕಣ್ಣು ಹೀಗೇ ಚುರುಕಾಗಿರಲಿ, ಕೈ ಹೀಗೇ ತಡವಾಗಿರಲಿ, ಶಿಡ್ಲಘಟ್ಟದ ಮನೆಯ ಜಗಲಿಯಲ್ಲಿ ತೇಯುವ ಗಾಜನ್ನು ಹರಡಿಕೊಂಡು ಇನ್ನೂ ಎಷ್ಟೋ ಕಲ್ಲುಗಳನ್ನು "ಎಲ್ಲಿ ಕೂತಿದ್ದೆ?" ಎಂದು ಕೇಳುತ್ತಿರಲಿ. ಸಂಪಾದಕರಿಗೆ ಈ ಲೇಖನವನ್ನು ಅಂಚೆಯಲ್ಲಿ ಕಳಿಸಲು, ಲಕೋಟೆಯ ಬಾಯಿ ಅಂಟಿಸದೆ, ಅವರ ಕೈಗೇ ಕೊಡುತ್ತಿದ್ದೇನೆ. ಇದು ಈ ಬೀಳ್ಕೊಡುಗೆ ಸಂಪುಟದಲ್ಲಿ ಅಚ್ಚಾಗಿ ಕಂಡರೆ, ಇಲ್ಲಿ ಬರೆದುದೆಲ್ಲ ನಿಜವೆಂದು ಓದುಗರು ತಿಳಿಯಬಹುದು.