ನೀಲಾಂಬಿಕೆ ಮಾಡಿದ ಕೊಲೆಗಳು

ಅರಕಲಗೂಡಿನ ಕೋಟೆ ಬೀದಿಯ ನೀಲಾಂಬಿಕೆ ಜನ್ಮದಲ್ಲಿ ಒಂದು ಕೋಳಿಮೊಟ್ಟೆ ಒಡೆದವಳಲ್ಲ. ಆದರೆ ಅವಳು ಕೊಂದವರನ್ನೆಲ್ಲ ಸುಡುವುದಾದರೆ ಇಡೀ ತಾಲ್ಲೂಕಿನ ಸೌದೆ ಸಾಲದೆ ಕೊಡಗಿನಿಂದ ಲಾರಿ ತರಿಸಬೇಕಿತ್ತು.

ಕಸುಬೇ ಅಂಥದು. ಹಾಸನದಲ್ಲಿ ಸಿನಿಮಾಗಳಿಗೆ ಸದ್ದು ಜೋಡಿಸುವ ತಂಗಿಯ ಮಗ ಮೋಹನ್‌ಕುಮಾರ್ ಹೊಡೆದಾಟದ ದೃಶ್ಯ ಕಳಿಸುತ್ತಿದ್ದ. ಇವಳು ಏಟಿಗೆ ತಕ್ಕ ಸದ್ದು ಮಾಡಿ ಕಳಿಸಬೇಕು. ಉಗ್ರಾಣದ ಗೋಡೆಗೆ ಹಳೇ ರಗ್ಗು, ಗೋಣಿಚೀಲ ಹೊಡೆದು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ ಮೈಕಿನ ಮುಂದೆ ಕೂತಳೆಂದರೆ ಯಮನೂ ರಜೆ ಹಾಕಬೇಕು. ಹಸಿ ಶುಂಠಿ ಲಟಕ್ಕೆಂದರೆ ರೌಡಿಯ ಮೂಳೆ. ಒದ್ದೆ ಟವೆಲನ್ನು ರಾಗಿಮೂಟೆಗೆ ಬಡಿದರೆ ಹೊಟ್ಟೆಗೆ ಗುದ್ದು. ಬೂದುಗುಂಬಳ ಬಿದ್ದರೆ ತಲೆ. ಕರುಳು ಈಚೆ ಬರಬೇಕಿದ್ದರೆ ಹಿಂದಿನ ದಿನದ ಮುದ್ದೆಗೆ ಸಾರು ಹಾಕಿ ಕಿವುಚುವಳು.

ಮೊದಲ ಸಲ ಪೊಲೀಸರು ಬಾಗಿಲು ಮುರಿದು ನುಗ್ಗಿ, ಕುಂಬಳಕಾಯಿಯನ್ನು ಬಂಧಿಸಲಾಗದೆ ಕಾಫಿ ಕುಡಿದು ಹೋದರು. ಆಮೇಲೆ ಬೀದಿಗೆ ಅಭ್ಯಾಸವಾಯಿತು. ಎದುರಂಗಡಿ ದೊಡ್ಡಯ್ಯ ಬೇಳೆ ತೂಗುತ್ತಲೇ ಕೇಳುವನು: “ನೀಲಕ್ಕ, ಇವತ್ತೆಷ್ಟು ಹೆಣ ಬಿದ್ವು?”

“ನಿಂದೊಂದು ಬಾಕಿ ಐತೆ ಕಣಣ್ಣ.”

ಒಂದು ಮಧ್ಯಾಹ್ನ ಇನ್ನೇನು ಖಳನಾಯಕನ ಪಕ್ಕೆಲುಬು ಮುರಿಯಬೇಕು, ಕರೆಂಟು ಹೋಯಿತು. ಹೆಡ್‌ಫೋನ್ ತೆಗೆದಿಟ್ಟಳು. ಗುದ್ದು ನಿಲ್ಲಲಿಲ್ಲ. ಕಿವಿಯಲ್ಲೇ ಉಳಿದಿರಬೇಕೆಂದು ಕಿವಿ ಉಜ್ಜಿಕೊಂಡಳು. ಗೋಡೆಯಾಚೆಯಿಂದ ಮತ್ತೊಂದು ಗುದ್ದು, ಹಿಂದೆಯೇ ಹೆಣ್ಣುದನಿ: “ಬಿಡ್ರೀ, ಸತ್ತೋಯ್ತೀನಿ!”

ಪಕ್ಕದ ಮನೆ ಶಿವಕುಮಾರನ ಹೆಂಡತಿ ರೂಪಶ್ರೀ. ಈಚೆಗೆ ಮುಖಕ್ಕೆ ಸೆರಗೆಳೆದುಕೊಂಡೇ ನಲ್ಲಿಗೆ ಬರುತ್ತಿದ್ದಳು. ನೀಲಾಂಬಿಕೆಗೆ ಈಗ ಹೊಳೆಯಿತು: ತಾನು ಟವೆಲು ಎತ್ತಿದಾಗಲೇ ಅವನೂ ಕೈ ಎತ್ತುತ್ತಿದ್ದ. ತನ್ನ ಸದ್ದೇ ಅವನಿಗೆ ಮರೆ. ಇವತ್ತು ಮರೆ ಸರಿದದ್ದು ಆ ಮುಠ್ಠಾಳನಿಗೆ ತಿಳಿದಿರಲಿಲ್ಲ.

ಓಡಿ ಬಾಗಿಲು ಬಡಿದಳು. ಅಗುಳಿ ಹಾಕಿತ್ತು.

“ದೊಡ್ಡಣ್ಣ, ಬನ್ರೋ! ಆ ಹೆಣ್ಮಗೀನ ಸಾಯಿಸ್ತಾವ್ನೆ!”

ದೊಡ್ಡಯ್ಯ ತಕ್ಕಡಿಯಿಂದ ಕಣ್ಣೆತ್ತಲಿಲ್ಲ. “ಈ ಸಲ ಡೈಲಾಗೂ ನಿಂದೇನಾ? ಭೇಷಾಗೈತೆ.”

ಕೂಗಿದಷ್ಟೂ ಸಿನಿಮಾ ಆಗುತ್ತಿತ್ತು. ಅವಳು ಬಾಯಿ ಮುಚ್ಚಿದಳು. ಬೀದಿಯ ನಡುಮಧ್ಯಕ್ಕೆ ಹೋಗಿ, ಬರಿಗೈ ಎರಡನ್ನೂ ತಲೆಯ ಮೇಲೆತ್ತಿ, ಲೈಟುಕಂಬದ ಹಾಗೆ ನಿಂತಳು. ಆಟೋ ಒಂದು ಕಿರ್ರನೆ ನಿಂತಿತು.

“ಸಾಯಕ್ಕೆ ನನ್ನ ಗಾಡಿನೇ ಬೇಕಿತ್ತಾ, ಅಜ್ಜಿ?”

ಅವಳು ಕದಲಲಿಲ್ಲ. ಆಟೋದವನು ಎಂಜಿನ್ ಆರಿಸಿದ. ಬೀದಿಗೆ ಬೀದಿಯೇ ಸುಮ್ಮನಾದಾಗ ಕೇಳಿತು: ಗುದ್ದು, ಚೀರಾಟ, ಮತ್ತೆ ಗುದ್ದು. ದೊಡ್ಡಯ್ಯ ಅವಳ ಕೈ ನೋಡಿದ, ಪಕ್ಕದ ಮನೆ ನೋಡಿದ. ತಕ್ಕಡಿ ಕೆಳಗೆ ಬಿತ್ತು.

ಜನ ಬಾಗಿಲು ಗುದ್ದಿದಾಗ ಒಳಗಿಂದ ಶಿವಕುಮಾರ, “ಏನಿಲ್ಲ ಕಣಣ್ಣ, ಆ ನೀಲಕ್ಕಂದು. ದಿನಾ ಇದೇ ಗೋಳು,” ಎಂದ.

“ನಾನಿಲ್ಲೇ ಇವ್ನಿ ಕಣ್ಲಾ, ಶಿವ.”

ಆಟೋದವನ ಭುಜದ ಗುದ್ದಿಗೆ ಬಾಗಿಲು ಮುರಿದು ಬಿತ್ತು. ಶಿವಕುಮಾರನ ಕೈಯಲ್ಲಿ ಗುದ್ದಲಿ ಕಾವು. ರೂಪಶ್ರೀಯ ಮುಂಗೈ ಮುರಿದು ಜೋತಾಡುತ್ತಿತ್ತು. ಹಣೆಯ ರಕ್ತ ಒಂದು ಕಣ್ಣು ಮುಚ್ಚಿತ್ತು. ಬೀದಿಯವರು ಅವನಿಗೆ ಇಕ್ಕಿದ ಏಟಿಗೆ ದೂರದ ಕೊಣನೂರಿನ ನಾಯಿಗಳೂ ಎದ್ದು ಕೂತವಂತೆ.

ನೀಲಾಂಬಿಕೆ ಅದನ್ನು ನೋಡಲು ನಿಲ್ಲಲಿಲ್ಲ. ರೂಪಶ್ರೀಯನ್ನು ಅದೇ ಆಟೋದಲ್ಲಿ ತೊಡೆಯ ಮೇಲೆ ಮಲಗಿಸಿಕೊಂಡು ಆಸ್ಪತ್ರೆಗೆ ಒಯ್ದಳು. ಡಾಕ್ಟರು “ಏನಾಯ್ತಮ್ಮ?” ಎಂದಾಗ ಉತ್ತರ ನೀಲಾಂಬಿಕೆಯ ನಾಲಿಗೆ ತುದಿಗೆ ಬಂದಿತ್ತು, ಕಚ್ಚಿ ಹಿಡಿದಳು.

“ಗಂಡ ಹೊಡ್ದ ಸಾ,” ಎಂದಳು ರೂಪಶ್ರೀ, ಇಡೀ ವಾರ್ಡು ತಿರುಗಿ ನೋಡುವ ಹಾಗೆ. “ಬರ್ಕೊಳಿ.”