ಒಗೆದಿಟ್ಟ ನೀಲಿ ಅಂಗಿ

ಅಮೆರಿಕದ ನಮ್ಮೂರ ಹೈಸ್ಕೂಲಿನಲ್ಲಿ ಕೊನೆಯ ವರ್ಷದ ಮಕ್ಕಳು ಮೇ ಒಂದರಂದು ತಾವು ಸೇರಲಿರುವ ಯೂನಿವರ್ಸಿಟಿಯ ಹೆಸರಿನ ಅಂಗಿ ತೊಟ್ಟು ಹೋಗುತ್ತಾರೆ. ತಂಗಿ ಟ್ಯಾಬಿತಾಳಿಗೆ ಎರಡು ಕಡೆ ಸೀಟು ಸಿಕ್ಕಿತ್ತು. ಒಂದು ಇಲ್ಲೇ ಓಹಾಯೊದಲ್ಲಿ, ಮನೆಯಿಂದ ಇಪ್ಪತ್ತು ನಿಮಿಷದ ದಾರಿ. ಇನ್ನೊಂದು ದೂರದ ಮೇಯ್ನ್ ರಾಜ್ಯದ ಕಡಲ ತೀರದಲ್ಲಿ. ಮೀನು, ತಿಮಿಂಗಿಲಗಳ ಬಗ್ಗೆ ಓದಬೇಕೆಂದು ಅವಳು ಚಿಕ್ಕಂದಿನಿಂದ ಆಸೆಪಟ್ಟಿದ್ದು ಅಲ್ಲಿ. ಆದರೆ ಅಮ್ಮನಿಗೆ ಕ್ಯಾನ್ಸರ್ ಮರಳಿ ಬಂದಿತ್ತು.

ಮೇ ಒಂದರ ಹಿಂದಿನ ಸಂಜೆ ನಾನು ನನ್ನ ಮಗುವಿಗೆ ಉಣಿಸುತ್ತಿದ್ದಾಗ ಅಮ್ಮ ಮೇಯ್ನ್‌ನ ನೀಲಿ ಅಂಗಿ ತಂದು ಟ್ಯಾಬಿತಾಳ ಮುಂದಿಟ್ಟಳು.

"ಒಗೆದುಬಿಟ್ಟಿದೀನಿ ಕಣೇ. ಇನ್ನು ಅಂಗಡಿಯವರು ವಾಪಸ್ ತಗೊಳಲ್ಲ."

"ನಿನ್ನನ್ನ ಆಸ್ಪತ್ರೆಗೆ ಯಾರಮ್ಮ ಕರ್ಕೊಂಡು ಹೋಗ್ತಾರೆ?"

"ನಿಮ್ಮಕ್ಕ ಇದಾಳಲ್ಲ."

"ಅವಳಿಗೆ ಮಗುವನ್ನ ನೋಡ್ಕೊಳ್ಳೋದೇ ಸಾಕಾಗಿದೆ, ಅದರ ಜೊತೆ ನೀನೊಬ್ಬಳು."

'ನಾನು ನೋಡ್ಕೋತೀನಿ, ನೀನು ಹೋಗು' ಎಂದು ನಾನು ಹೇಳಬೇಕಿತ್ತು. ಮಗುವಿನ ಬಾಯಿಗೆ ಇನ್ನೊಂದು ಚಮಚ ಇಟ್ಟೆ.

ಬೆಳಿಗ್ಗೆ ಟ್ಯಾಬಿತಾ ಇಲ್ಲಿಯ ಯೂನಿವರ್ಸಿಟಿಯ ಕೆಂಪು ಅಂಗಿ ತೊಟ್ಟು ಬಂದಳು. ಅಮ್ಮ ಬಹಳ ಹೊತ್ತು ಅದನ್ನೇ ನೋಡಿದಳು. ಆಮೇಲೆ ನೀಲಿ ಅಂಗಿಯನ್ನು ತಾನೇ ತೊಟ್ಟುಕೊಂಡಳು. ಸೊರಗಿದ ಮೈಮೇಲೆ ಅದು ಜೋತಾಡುತ್ತಿತ್ತು.

"ಸರಿ ಬಿಡು, ಅಲ್ಲಿಗೆ ನಾನೇ ಹೋಗ್ತೀನಿ," ಎಂದಳು.

ಟ್ಯಾಬಿತಾ ನಗುತ್ತಲೇ ಬಾಗಿಲು ದಾಟಿದಳು. ಶಾಲೆಯ ಬಸ್ಸು ಹೋದ ಮೇಲೂ ಅಮ್ಮ ಆ ಅಂಗಿ ಬಿಚ್ಚಲಿಲ್ಲ.