ಟೂ-ಇನ್-ವನ್ ಪಾಲಾದದ್ದು

ನಂಬಬೇಡಿ. ನನ್ನ ಮಾತು ನಂಬಿ ಪೇಚಿಗೆ ಸಿಕ್ಕವರನ್ನು ಸಾಲಾಗಿ ನಿಲ್ಲಿಸಿದರೆ ನಮ್ಮ ಓಣಿಯಿಂದ ಇಳಕಲ್ ಬಸ್‌ಸ್ಟ್ಯಾಂಡಿನವರೆಗೂ ಹೋಗುತ್ತದೆ. ಆದರೂ ಹೇಳುತ್ತೇನೆ. ಒಂದು ಹಾಡುವ ಪೆಟ್ಟಿಗೆಯನ್ನು ಹಿರಿಯರೆಲ್ಲ ಕೂತು, ಎಲೆ-ಅಡಿಕೆ ಹಾಕಿಕೊಂಡು, ನನಗೂ ನಮ್ಮಣ್ಣನಿಗೂ ಪಾಲು ಮಾಡಿ ಕೊಟ್ಟರು. ದನಿ ಹೊರಡದ ಅರ್ಧ ನನ್ನ ಪಾಲಿಗೆ ಬಂತು. ಈ ಕತೆಯಲ್ಲಿ ಒಂದೇ ಒಂದು ಸುಳ್ಳು ಬೆರೆಸಿದ್ದೇನೆ, ತಾಕತ್ತಿದ್ದರೆ ಹುಡುಕಿ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಆ ವರ್ಷ ಮದುವೆಗಳು ಜಾಸ್ತಿ, ರೇಷ್ಮೆ ಸೆರಗಿನ ಸೀರೆ ನಮ್ಮ ಮಗ್ಗಗಳಿಂದ ಇಳಿಯುವುದೇ ತಡ, ಮಾರಿಹೋಗುತ್ತಿತ್ತು. ಕೈಯಲ್ಲಿ ನಾಲ್ಕು ಕಾಸು ಉಳಿದವು. ಅಣ್ಣನಿಗೆ ರೇಡಿಯೋ ಬೇಕು, ಕ್ರಿಕೆಟ್ ಕಾಮೆಂಟರಿಯ ಹುಚ್ಚು. ನನಗೆ ಟೇಪ್ ಬೇಕು, ನಾಟಕದ ಹಾಡಿನ ಹುಚ್ಚು. ಅಪ್ಪ ಇಬ್ಬರನ್ನೂ ಕರೆದುಕೊಂಡು ಬಾಗಲಕೋಟೆಗೆ ಹೊರಟ.

ಅಂಗಡಿಯವನು ಒಳ್ಳೆಯವನು. ನಮ್ಮ ದುಡ್ಡಿಗೆ ಎರಡು ದಾರಿ ತೋರಿಸಿದ. ಒಂದು ಸಣ್ಣ ರೇಡಿಯೋ ಮತ್ತು ಒಂದು ಸಣ್ಣ ಟೇಪ್‌ರೆಕಾರ್ಡರ್, ಇಲ್ಲವೇ ಎರಡೂ ಕೂಡಿದ ಟೂ-ಇನ್-ವನ್. ಬೇರೆ ಬೇರೆ ಒಯ್ಯಿರಿ, ಒಂದು ಕೆಟ್ಟರೆ ಇನ್ನೊಂದು ನಡೆಯುತ್ತದೆ ಎಂದ. ನಾನೂ ಅಣ್ಣನೂ ಜನ್ಮದಲ್ಲಿ ಮೊದಲ ಸಲ ಒಂದೇ ಮಾತಿಗೆ ತಲೆಯಾಡಿಸಿದೆವು.

ಅಪ್ಪ ಆಡಿಸಲಿಲ್ಲ. ಮನೆಯಲ್ಲಿ ಇಬ್ಬರು ಸೊಸೆಯಂದಿರು ಬಂದಾಗಿನಿಂದ ಅವನಿಗೆ ಇದ್ದದ್ದು ಒಂದೇ ಅಂಜಿಕೆ.

“ಎರಡು ಒಯ್ದರ ಎರಡು ಖೋಲ್ಯಾಗ ಕೂಡ್ತಾವ್ರಿ. ಆಮ್ಯಾಲ ಎರಡು ಒಲಿ ಹೂಡ್ತಾರ. ಕೂಡಿದ್ದ ಕೊಡ್ರಿ,” ಎಂದ.

ಅಂಗಡಿಯವನು ಪೆಟ್ಟಿಗೆಯನ್ನೂ ಒಲೆಯನ್ನೂ ಹೊಂದಿಸಲಾರದೆ ನನ್ನ ಮುಖ ನೋಡಿದ. ಅವನು ಹಾಗೆ ಗಲಿಬಿಲಿಯಾಗಿದ್ದಾಗಲೇ ನಾನು ಒಂದು ಖಾಲಿ ಕ್ಯಾಸೆಟ್ ಪುಕ್ಕಟೆ ಹೊಡೆದೆ. ಬಾಗಲಕೋಟೆಯ ವ್ಯಾಪಾರಿಯಿಂದ ಪುಕ್ಕಟೆ ವಸೂಲು ಮಾಡಿದ ಇನ್ನೊಬ್ಬ ನೇಕಾರನಿದ್ದರೆ ತೋರಿಸಿ.

ಪೆಟ್ಟಿಗೆ ಮಗ್ಗದ ಖೋಲಿಯ ಗೂಡಿನಲ್ಲಿ ಕೂತಿತು. ಕೆಂಪು ಗುಂಡಿ ಒತ್ತಿದರೆ ದನಿ ಹಿಡಿಯುತ್ತದೆಂದು ಮೊದಲು ಪತ್ತೆ ಹಚ್ಚಿದವನು ನಾನೇ. ಅಪ್ಪನಿಗೆ ತಿಳಿಯದಂತೆ ಆ ಪುಕ್ಕಟೆ ಕ್ಯಾಸೆಟ್ಟಿನಲ್ಲಿ ಅವನ ಮಾತು ತುಂಬಿಸಿಕೊಂಡೆ. ಗಂಟಲು ಸರಿಮಾಡಿಕೊಳ್ಳುವುದು, ಹರಿದ ಎಳೆಗೆ ಬೈಯುವುದು, ಎಲ್ಲ ಅದರಲ್ಲಿ ಸಿಕ್ಕಿತು. ಅಪ್ಪ ಮಹಾಕೂಟದ ಜಾತ್ರೆಗೆ ಹೋದ ದಿನ ಅಣ್ಣ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ತೂಕಡಿಸುತ್ತಿದ್ದ. ಹಿಂದಿನಿಂದ ಕ್ಯಾಸೆಟ್ ಹಾಕಿದೆ. “ಏ ದೊಡ್ಡಾವ, ಕೈ ಯಾಕ ನಿಂತಾವಲೇ?” ಎಂದಿತು ಪೆಟ್ಟಿಗೆ. ಅಣ್ಣ ಬೆಚ್ಚಿಬಿದ್ದು ಲಾಳಿಯನ್ನು ಹೊರಗೆ ಎಸೆದ. ಅವತ್ತು ಅವನೂ ನಕ್ಕ, ಖರೆ.

ಅದೇ ಕಡೆಯ ನಗು. ಪೆಟ್ಟಿಗೆಗೆ ಇದ್ದದ್ದು ಒಂದೇ ಬಾಯಿ. ರೇಡಿಯೋ ಹಚ್ಚಿದರೆ ಟೇಪ್ ಇಲ್ಲ, ಟೇಪ್ ಹಚ್ಚಿದರೆ ರೇಡಿಯೋ ಇಲ್ಲ. ಅಣ್ಣ ರೇಡಿಯೋ-ಟೇಪ್ ಬದಲಿಸುವ ಗುಂಡಿಯನ್ನು ಆ ಕಡೆ ಸರಿಸುತ್ತಿದ್ದ, ನಾನು ಈ ಕಡೆ. ಕೊನೆಗೆ ಗುಂಡಿ ಸಡಿಲವಾಗಿ ತಾನೇ ತೊನೆದಾಡತೊಡಗಿತು. ನಾನು ಬೇಕೆಂದೇ ವಿಕೆಟ್ ಬೀಳುವ ಹೊತ್ತಿಗೆ ಹಾಡು ಹಚ್ಚುತ್ತೇನೆ ಎಂದು ಅಣ್ಣ ದೂರಿದ. ವಿಕೆಟ್ ಬೀಳುವುದು ನನಗೆ ಮೊದಲೇ ಗೊತ್ತಾಗುತ್ತಿತ್ತೇ? ಮಾತು ಗೂಡಿನಿಂದ ಅಡುಗೆಮನೆಗೆ ಹೋಯಿತು, ಅಲ್ಲಿಂದ ಯಾರು ಹೆಚ್ಚು ನೇಯುತ್ತಾರೆ, ಯಾರು ಹೆಚ್ಚು ಉಣ್ಣುತ್ತಾರೆ ಎಂಬಲ್ಲಿಗೆ ಬಂತು. ಎರಡು ಪೆಟ್ಟಿಗೆ ತಂದಿದ್ದರೆ ಎರಡು ಖೋಲಿಯಲ್ಲಿ ಕೂತು ಸುಮ್ಮನೆ ಕೇಳುತ್ತಿದ್ದೆವು. ಅಪ್ಪ ಒಂದೇ ತಂದ, ಒಲೆ ಎರಡಾದವು.

ಪಾಲು ಮಾಡಲು ಬಂದ ಹಿರಿಯರೆಲ್ಲ ನೇಕಾರರೇ. ಪಾತ್ರೆ, ಹಾಸಿಗೆ, ಖೋಲಿ, ಎರಡು ಮಗ್ಗ ಎಲ್ಲ ಸಲೀಸಾಗಿ ಹಂಚಿದರು. ಪೆಟ್ಟಿಗೆಯ ಹತ್ತಿರ ನಿಂತುಬಿಟ್ಟರು. ಎಲ್ಲರಿಗಿಂತ ಹಿರಿಯ ತಾತ ಅದನ್ನು ಹಿಂದೆ ಮುಂದೆ ತಿರುಗಿಸಿ, ನೇಕಾರರಲ್ಲಿ ಒಂದೇ ಮಗ್ಗವಿದ್ದ ಮನೆ ಒಡೆದಾಗ ಹೇಳುವ ಮಾತನ್ನೇ ಹೇಳಿದ.

“ಮಗ್ಗ ಕಡಿಯಾಕ ಬರಂಗಿಲ್ಲ. ಮಗ್ಗ ದೊಡ್ಡಾವಗ, ನೂಲು ಸಣ್ಣಾವಗ.”

ಮಗ್ಗ ಎಂದರೆ ಪೆಟ್ಟಿಗೆ, ನೂಲು ಎಂದರೆ ಕ್ಯಾಸೆಟ್. ಎಲ್ಲರೂ ನ್ಯಾಯವಾಯಿತು ಎಂದರು. ನೂಲಾದರೆ ಪಕ್ಕದ ಮನೆಯ ಮಗ್ಗಕ್ಕೂ ಏರುತ್ತದೆ, ಒಪ್ಪೋಣ. ಆದರೆ ಅಪ್ಪನ ದನಿ ಆ ನೂಲಿನಲ್ಲಿತ್ತು. ಅಪ್ಪ ಕಂಬಕ್ಕೆ ಒರಗಿ ಕೂತಿದ್ದ. ಅವನನ್ನೂ ಹಂಚಿದರು, ಒಂದು ತಿಂಗಳು ಅಲ್ಲಿ, ಒಂದು ತಿಂಗಳು ಇಲ್ಲಿ. ಅವನು ಅಂದದ್ದು ಇಷ್ಟೇ: “ನಾ ಒಂದ ತಂದಿದ್ನಲ್ರೋ.”

ಆಮೇಲೆ ಅಪ್ಪ ಹೆಚ್ಚು ದಿನ ಬಾಳಲಿಲ್ಲ. ಸತ್ತದ್ದು ಅಣ್ಣನ ಪಾಲಿನ ತಿಂಗಳಲ್ಲಿ. ಅದರಲ್ಲೂ ಅಣ್ಣನದೇ ಗೆಲುವು.

ಓಣಿಯಲ್ಲಿ ಟೇಪ್ ಇದ್ದ ಮನೆಗಳು ಬೇಕಾದಷ್ಟಿದ್ದವು. ಆದರೆ ನಮ್ಮಪ್ಪನನ್ನು ಮಂದಿಯ ಪೆಟ್ಟಿಗೆಯಲ್ಲಿ ಮಾತಾಡಿಸಲೇ? ಹೊಸದನ್ನು ಕೊಂಡರೆ ಅಣ್ಣನಿಗೆ ಸೋತಂತೆ. ಕ್ಯಾಸೆಟ್ ಅರಿವೆಯಲ್ಲಿ ಸುತ್ತಿ ಟ್ರಂಕಿಗೆ ಹಾಕಿದೆ.

ಅಪ್ಪನ ವರ್ಷದ ಕಾರ್ಯದ ದಿನ ಅಣ್ಣ ಪೆಟ್ಟಿಗೆಯನ್ನು ಬಗಲಲ್ಲಿ ಹಿಡಿದು ನನ್ನ ಬಾಗಿಲಿಗೆ ಬಂದ. ಹೊಸ್ತಿಲಾಚೆಯೇ ನಿಂತು, “ಆ ಕ್ಯಾಸೆಟ್ ಐತೇನೋ? ಒಮ್ಮೆ ಹಚ್ಚೂಣು,” ಎಂದ.

“ಪೆಟಿಗಿ ನಿಂದು, ಅಪ್ಪ ನನ್ನಾವ. ಬಾಡಿಗಿ ಏನ್ ಕೊಡ್ತಿ?” ಎಂದೆ.

ಅವನು ನಗಲಿಲ್ಲ. ಚಪ್ಪಲಿಯನ್ನೂ ಬಿಡದೆ ಬಂದ ದಾರಿ ಹಿಡಿದ.

ಸುಳ್ಳು ಸಿಕ್ಕಿತೇ? ತಾತನ ನ್ಯಾಯವಲ್ಲ, ಅದು ಖರೆ. ಸುಳ್ಳು ಎಂದರೆ ಅಣ್ಣ ಬಂದದ್ದು. ಅವನು ಬರಲೇ ಇಲ್ಲ. ಬಾಡಿಗೆಯ ಆ ಮಾತನ್ನು ಮಾತ್ರ, ಬಂದರೆ ಅನ್ನೋಣ ಎಂದು, ಬಹಳ ವರ್ಷ ಸಿದ್ಧ ಮಾಡಿ ಇಟ್ಟುಕೊಂಡಿದ್ದೆ.